ಮೊದಲು ಕಂಡ ದಾರಿಯೇ ಹತ್ತಿರದ ದಾರಿಯಲ್ಲ

ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಿಸಿಎ ಕೊನೆ ವರ್ಷದಲ್ಲಿದ್ದೇನೆ. ನಮ್ಮೂರು ಹೊಸನಗರ ತಾಲ್ಲೂಕಿನ ಬಿದನೂರು ನಗರ. ಶಿವಮೊಗ್ಗದಿಂದ ನಮ್ಮೂರಿಗೆ ಬೇಗ ತಲುಪುವ ದಾರಿ ಹುಡುಕಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಡೈಕ್‌ಸ್ಟ್ರಾ ವಿಧಾನವನ್ನೇ ಬಳಸಿದ್ದೇನೆ. ಅದು ತೀರ್ಥಹಳ್ಳಿ ಮೇಲೆ 140 ನಿಮಿಷ ಅನ್ನುತ್ತದೆ. ಅಪ್ಪ ರಿಪ್ಪನ್‌ಪೇಟೆ ಮೇಲೆ ಬಂದರೆ ಇನ್ನೂ ಬೇಗ ಅನ್ನುತ್ತಾರೆ. ಕೂಡಿ ನೋಡಿದರೆ ಅವರು ಹೇಳಿದ್ದೇ ಸರಿ, 130 ನಿಮಿಷ. ತಪ್ಪು ಎಲ್ಲಿದೆ? ಕೋಡ್ ಕಳಿಸಿದ್ದೇನೆ. ಮಳೆ ಇಲ್ಲದ ದಿನ ಕಾರಿಗೆ ಹಿಡಿಯುವ ನಿಮಿಷಗಳನ್ನು ಅಂದಾಜಿಗೆ ಬರೆದ ಪಟ್ಟಿಯೂ ಜೊತೆಗಿದೆ.
— ವಿದ್ಯಾರ್ಥಿನಿ, ಸಾಗರ

ಉತ್ತರ: ನಿಮ್ಮ ಕೋಡ್ ಪೂರ್ತಿ ಓದಿದೆ. ಒಂದು ಸಾಲು ಜಾಗ ತಪ್ಪಿ ಕೂತಿದೆ, ಅಷ್ಟೇ. ಆದರೆ ಅದು ಯಾವ ಸಾಲು ಅಂತ ಈಗಲೇ ಹೇಳಿಬಿಟ್ಟರೆ ನೀವು ತಿದ್ದಿ, ಪ್ರಾಜೆಕ್ಟ್ ಕೊಟ್ಟು ಮರೆತುಬಿಡುತ್ತೀರಿ. ಶಿವಮೊಗ್ಗದಲ್ಲಿ ಪಾಠ ಮಾಡುತ್ತಿದ್ದಾಗ ಈ ವಿಧಾನವನ್ನು ನಾನು ಲ್ಯಾಬ್‌ಗೆ ಹೋಗುವ ಮುಂಚೆ ಕಾಗದದ ಮೇಲೆ ಮಾಡಿಸುತ್ತಿದ್ದೆ. ನಾವೂ ಹಾಗೇ ಮಾಡೋಣ.

ನಿಮ್ಮ ಪಟ್ಟಿಯಲ್ಲಿ ಎಂಟು ಊರು, ಹತ್ತು ರಸ್ತೆ ಇವೆ. ಉಳಿದ ಓದುಗರಿಗಾಗಿ ಅದನ್ನು ಇಲ್ಲಿ ಕೊಡುತ್ತೇನೆ. ಶಿವಮೊಗ್ಗದಿಂದ ಆಯನೂರಿಗೆ 25 ನಿಮಿಷ, ತೀರ್ಥಹಳ್ಳಿಗೆ 80. ಆಯನೂರಿನಿಂದ ಆನಂದಪುರಕ್ಕೆ 35, ರಿಪ್ಪನ್‌ಪೇಟೆಗೆ 40. ಆನಂದಪುರದಿಂದ ಸಾಗರಕ್ಕೆ 30, ರಿಪ್ಪನ್‌ಪೇಟೆಗೆ 25. ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ 35. ಸಾಗರದಿಂದ ಹೊಸನಗರಕ್ಕೆ 55. ಹೊಸನಗರದಿಂದ ನಿಮ್ಮೂರು ನಗರಕ್ಕೆ 30. ತೀರ್ಥಹಳ್ಳಿಯಿಂದ ನಗರಕ್ಕೆ 60. ಊರುಗಳು, ಅವುಗಳ ನಡುವೆ ಗೆರೆಗಳು, ಪ್ರತಿ ಗೆರೆಯ ಮೇಲೆ ಒಂದು ಅಂಕಿ. ತೂಕವಿರುವ ಗ್ರಾಫ್ ಅಂದರೆ ಇಷ್ಟೇ. ಇಲ್ಲಿ ತೂಕ ಅಂದರೆ ನಿಮಿಷ.

ಈಗ ಒಂದೊಂದು ಊರಿಗೆ ಒಂದೊಂದು ಚೀಟಿ ಮಾಡಿ. ಒಂದು ಪೆನ್ಸಿಲ್, ಒಂದು ಪೆನ್ ಹತ್ತಿರ ಇಟ್ಟುಕೊಳ್ಳಿ. ಇದುವರೆಗೆ ಗೊತ್ತಾದ ನಿಮಿಷವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಕೆಳಗೆ, ಯಾವ ಊರಿನಿಂದ ಬಂದೆವು ಅಂತ ಸಣ್ಣಗೆ ಬರೆಯಿರಿ. ಪೆನ್ಸಿಲ್ ಅಂಕಿ ಇನ್ನೂ ಬದಲಾಗಬಹುದು. ಇನ್ನು ಬದಲಾಗಲ್ಲ ಅಂತ ಖಾತ್ರಿಯಾದ ಮೇಲೆ ಅದರ ಮೇಲೆ ಪೆನ್ ಹಾಯಿಸಿ. ನಿಯಮ ಒಂದೇ: ಪೆನ್ಸಿಲ್ ಚೀಟಿಗಳಲ್ಲಿ ಅತಿ ಕಡಿಮೆ ಅಂಕಿ ಇರುವುದನ್ನು ಎತ್ತಿಕೊಳ್ಳಿ, ಪೆನ್‌ನಲ್ಲಿ ಬರೆಯಿರಿ, ಆಮೇಲೆ ಅದರ ಪಕ್ಕದ ಊರುಗಳ ಚೀಟಿ ನೋಡಿ.

ಶಿವಮೊಗ್ಗಕ್ಕೆ ಪೆನ್‌ನಲ್ಲಿ 0. ಆಯನೂರಿಗೆ ಪೆನ್ಸಿಲ್ 25, ತೀರ್ಥಹಳ್ಳಿಗೆ ಪೆನ್ಸಿಲ್ 80. ಇವೆರಡರಲ್ಲಿ ಆಯನೂರು ಕಡಿಮೆ, ಅದಕ್ಕೆ ಪೆನ್. ಅಲ್ಲಿಂದ ಆನಂದಪುರ 60, ರಿಪ್ಪನ್‌ಪೇಟೆ 65. ಮುಂದೆ ಆನಂದಪುರಕ್ಕೆ ಪೆನ್. ಅಲ್ಲಿಂದ ಸಾಗರಕ್ಕೆ 90 ಆಯಿತು. ರಿಪ್ಪನ್‌ಪೇಟೆಗೆ ಆನಂದಪುರದ ಮೇಲೆ ಹೋದರೆ 85. ಚೀಟಿಯಲ್ಲಿ ಆಗಲೇ 65 ಇದೆ, ಹಾಗಾಗಿ ಮುಟ್ಟಬೇಡಿ. ಈಗ ರಿಪ್ಪನ್‌ಪೇಟೆಗೆ ಪೆನ್. ಹೊಸನಗರಕ್ಕೆ ಪೆನ್ಸಿಲ್ 100.

ಮುಂದಿನದು ತೀರ್ಥಹಳ್ಳಿ, 80. ಅದಕ್ಕೆ ಪೆನ್. ಪಕ್ಕದಲ್ಲಿ ನಗರ ಕಾಣಿಸಿತು. 80ಕ್ಕೆ 60 ಸೇರಿ 140. ನಗರದ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ 140 ಬರೆದಿರಿ.

ಇಲ್ಲೇ ಸ್ವಲ್ಪ ನಿಲ್ಲಿ. ನಿಮ್ಮ ಪ್ರೋಗ್ರಾಂ ಮುಗಿಯುವುದು ಇಲ್ಲಿ. ಪಕ್ಕದ ಊರುಗಳನ್ನು ಒಂದೊಂದಾಗಿ ನೋಡುವ ಫಾರ್ ಲೂಪಿನ ಒಳಗೆ ನೀವು "ಇದು ನಗರವಾದರೆ ರಿಟರ್ನ್" ಅಂತ ಬರೆದಿದ್ದೀರಿ. ಊರು ಕಣ್ಣಿಗೆ ಬಿದ್ದ ತಕ್ಷಣ ಪ್ರೋಗ್ರಾಂ ಪೆನ್ಸಿಲ್ ಅಂಕಿಯನ್ನೇ ಉತ್ತರ ಅಂತ ಕೊಟ್ಟುಬಿಟ್ಟಿತು.

ಕೈಲೆಕ್ಕ ಮುಂದುವರಿಸಿ. ಸಾಗರ 90, ಪೆನ್. ಅಲ್ಲಿಂದ ಹೊಸನಗರಕ್ಕೆ 145, ಅದು ಬೇಡ. ಹೊಸನಗರ 100, ಪೆನ್. ಅಲ್ಲಿಂದ ನಗರಕ್ಕೆ 130. ಚೀಟಿಯಲ್ಲಿರುವ 140ಕ್ಕಿಂತ ಕಡಿಮೆ. ರಬ್ಬರ್ ತಗೊಂಡು ಅಳಿಸಿ 130 ಬರೆಯಿರಿ, ಕೆಳಗಿದ್ದ ತೀರ್ಥಹಳ್ಳಿ ತೆಗೆದು ಹೊಸನಗರ ಅಂತ ಬರೆಯಿರಿ. ಈಗ ಪೆನ್ಸಿಲ್‌ನಲ್ಲಿ ಉಳಿದಿರುವುದು ನಗರ ಒಂದೇ, ಅದಕ್ಕೂ ಪೆನ್. ಚೀಟಿಗಳ ಕೆಳಗಿನ ಹೆಸರು ಹಿಡಿದು ಹಿಂದಕ್ಕೆ ಬನ್ನಿ: ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು, ಶಿವಮೊಗ್ಗ. ನಿಮ್ಮ ಅಪ್ಪ ಹೇಳಿದ ದಾರಿಯೇ ಅಲ್ವಾ?

ತಿದ್ದುಪಡಿ ಇಷ್ಟೇ. ಆ ರಿಟರ್ನ್ ಸಾಲನ್ನು ಫಾರ್ ಲೂಪಿನಿಂದ ಹೊರಗೆ ತನ್ನಿ. ಹೀಪ್‌ನಿಂದ, ಅಂದರೆ ಅತಿ ಕಡಿಮೆ ಅಂಕಿಯ ಚೀಟಿಯನ್ನೇ ಮೊದಲು ಕೊಡುವ ಪೆಟ್ಟಿಗೆಯಿಂದ, ಊರನ್ನು ಹೊರತೆಗೆಯುವ ಸಾಲಿನ ಕೆಳಗೇ ಇಡಿ. ಹೀಪ್‌ನಿಂದ ಹೊರಬಂದ ಊರಿಗೆ ಮಾತ್ರ ಪೆನ್ ಅಂಕಿ ಇರುತ್ತದೆ.

ಪೆನ್ ಅಂಕಿ ಆಮೇಲೆ ಯಾಕೆ ಬದಲಾಗಲ್ಲ? ವೈವಾದಲ್ಲಿ ಇದನ್ನು ಕೇಳಬಹುದು, ಕೇಳಬೇಕು ಕೂಡ. ಹೊಸನಗರದ 100ಕ್ಕೆ ಪೆನ್ ಹಾಕುವಾಗ ಪೆನ್ಸಿಲ್‌ನಲ್ಲಿರುವ ಬೇರೆ ಯಾವ ಊರಿನ ಅಂಕಿಯೂ 100ಕ್ಕಿಂತ ಕಡಿಮೆ ಇಲ್ಲ. ಹೊಸನಗರಕ್ಕೆ ಇನ್ನೊಂದು ಗುಟ್ಟಿನ ದಾರಿ ಇದ್ದರೂ ಅದು ಅಂಥ ಒಂದು ಪೆನ್ಸಿಲ್ ಊರನ್ನು ದಾಟಿಯೇ ಬರಬೇಕು. ಅಲ್ಲಿಗೇ 100 ಅಥವಾ ಜಾಸ್ತಿ ಆಗಿರುತ್ತದೆ. ರಸ್ತೆಯ ನಿಮಿಷ ಸೊನ್ನೆಗಿಂತ ಕೆಳಗೆ ಹೋಗಲ್ಲ, ಹಾಗಾಗಿ ಮುಂದೆ ಹೋದಂತೆ ಮೊತ್ತ ಇಳಿಯಲು ಸಾಧ್ಯವಿಲ್ಲ. ಇಡೀ ವಿಧಾನ ನಿಂತಿರುವುದು ಈ ಒಂದು ಮಾತಿನ ಮೇಲೆ.

ಇನ್ನೊಂದು ಸಣ್ಣ ವಿಷಯ. ಪೈಥಾನ್‌ನ ಹೀಪ್‌ಕ್ಯೂನಲ್ಲಿ ಒಳಗಿರುವ ಅಂಕಿಯನ್ನು ಅಳಿಸಿ ಬರೆಯುವ ಸೌಲಭ್ಯ ಇಲ್ಲ. ನಗರಕ್ಕೆ 140ರ ನಮೂದು ಒಳಗೇ ಉಳಿಯುತ್ತದೆ, 130ರ ಹೊಸ ನಮೂದು ಜೊತೆಗೆ ಸೇರುತ್ತದೆ. ತೊಂದರೆ ಇಲ್ಲ. ಹೊರಬಂದ ಊರಿಗೆ ಆಗಲೇ ಪೆನ್ ಅಂಕಿ ಇದ್ದರೆ ಸುಮ್ನೆ ಬಿಟ್ಟು ಮುಂದಕ್ಕೆ ಹೋಗಿ. ಆ ಎರಡು ಸಾಲು ನಿಮ್ಮ ಕೋಡ್‌ನಲ್ಲಿ ಇಲ್ಲ, ಸೇರಿಸಿಕೊಳ್ಳಿ.

ತಿದ್ದಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ರಿಪ್ಪನ್‌ಪೇಟೆ–ಹೊಸನಗರ ರಸ್ತೆಗೆ ಮರ ಬಿದ್ದು 35ರ ಬದಲು 60 ನಿಮಿಷ ಆಯಿತು ಅಂತ ಇಟ್ಟುಕೊಳ್ಳಿ. ಹೊಸನಗರ 125 ಆಗುತ್ತದೆ, ಆ ಕಡೆಯಿಂದ ನಗರ 155. ಈಗ ತೀರ್ಥಹಳ್ಳಿ ಮೇಲಿನ 140 ಗೆಲ್ಲಬೇಕು. ನಿಮ್ಮ ಹಳೆಯ ಕೋಡ್ ಕೂಡ ಇದಕ್ಕೆ 140 ಅಂತಲೇ ಹೇಳುತ್ತದೆ. ಇಂಥ ಒಂದೇ ಉದಾಹರಣೆ ಇಟ್ಟುಕೊಂಡು ಪರೀಕ್ಷೆ ಮಾಡಿದ್ದರೆ ತಪ್ಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಎರಡೂ ಪಟ್ಟಿ ಹಾಕಿ ನೋಡಿ, ಎರಡನ್ನೂ ಪ್ರಾಜೆಕ್ಟ್ ವರದಿಯಲ್ಲಿ ತೋರಿಸಿ.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಪ್ರವೇಶ ಇಲ್ಲ. ಲಾರಿಗೆ ದಾರಿ ಹುಡುಕುವ ಪ್ರೋಗ್ರಾಂನಲ್ಲಿ ಆ ರಸ್ತೆಗೆ 9999 ಅಂತ ತೂಕ ಕೊಟ್ಟರೆ ಸಾಕಲ್ವಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಬೇರೆ ದಾರಿ ಇರುವವರೆಗೆ ಪ್ರೋಗ್ರಾಂ 9999ರ ರಸ್ತೆಯನ್ನು ಮುಟ್ಟಲ್ಲ, ನಿಜ. ಆದರೆ ಉಳಿದ ದಾರಿಗಳೂ ಮುಚ್ಚಿದ ದಿನ ಅದು ಲಾರಿಯನ್ನು ಆಗುಂಬೆಗೇ ಕಳಿಸುತ್ತದೆ. "ದಾರಿ ಇದೆ, ಹತ್ತು ಸಾವಿರ ನಿಮಿಷ" ಅನ್ನುತ್ತದೆ. ಅವತ್ತು ಬರಬೇಕಾದ ಉತ್ತರ "ದಾರಿ ಇಲ್ಲ" ಎಂಬುದು. ಲಾರಿಯ ಗ್ರಾಫ್‌ನಲ್ಲಿ ಆ ಗೆರೆಯೇ ಇರಬಾರದು. ಕಾರಿಗೆ ಒಂದು ಗ್ರಾಫ್, ಲಾರಿಗೆ ಇನ್ನೊಂದು. ಆ ಹೇರ್‌ಪಿನ್ ತಿರುವುಗಳಲ್ಲಿ ಒಂದು ದೊಡ್ಡ ಗಾಡಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಶರಾವತಿ ಹಿನ್ನೀರಿನ ಆಚೆ ದಡ. ಈಗ ಸಿಗಂದೂರು ಸೇತುವೆ ಆಗಿದೆ. ಮುಂಚೆ ಲಾಂಚ್‌ಗೆ ಕಾಯಬೇಕಿತ್ತು. ಒಮ್ಮೆ ಹತ್ತು ನಿಮಿಷ, ಒಮ್ಮೆ ಒಂದು ಗಂಟೆ. ಇಂಥ ದಾರಿಗೆ ತೂಕ ಎಷ್ಟು ಅಂತ ಬರೆಯುವುದು?
— ಪ್ರೌಢಶಾಲೆ ಶಿಕ್ಷಕರು, ತುಮರಿ ಕಡೆ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಲಾಂಚ್‌ಗೆ ಒಂದೇ ಅಂಕಿ ಕೊಡಲು ಆಗಲ್ಲ. ನೀವು ಅಂಬಾರಗೋಡ್ಲು ದಡಕ್ಕೆ ಎಷ್ಟು ಹೊತ್ತಿಗೆ ಬಂದಿರಿ ಅನ್ನುವುದರ ಮೇಲೆ ತೂಕ ನಿಲ್ಲುತ್ತದೆ. ಹಾಗಾಗಿ ಚೀಟಿಯ ಮೇಲೆ "ಎಷ್ಟು ನಿಮಿಷ" ಅಂತ ಬರೆಯುವ ಬದಲು "ಎಷ್ಟು ಗಂಟೆಗೆ ತಲುಪುತ್ತೇವೆ" ಅಂತ ಬರೆಯಿರಿ. 10 ಗಂಟೆ 5 ನಿಮಿಷಕ್ಕೆ ದಡಕ್ಕೆ ಬಂದಿರಿ, ಮುಂದಿನ ಲಾಂಚ್ 10:30ಕ್ಕೆ ಅಂತ ಇಟ್ಟುಕೊಳ್ಳಿ. ಕಾಯುವ 25 ನಿಮಿಷವೂ ನೀರಿನ ಮೇಲಿನ ಹೊತ್ತೂ ಸೇರಿ ಆ ಗೆರೆಯ ತೂಕ ಆಗುತ್ತದೆ. ಅದೇ 10:31ಕ್ಕೆ ಬಂದರೆ ತೂಕವೇ ಬೇರೆ. ಪ್ರೋಗ್ರಾಂನಲ್ಲಿ ಆ ಗೆರೆಗೆ ಅಂಕಿಯ ಬದಲು ಒಂದು ಫಂಕ್ಷನ್ ಇಡಿ. ಬಂದ ಹೊತ್ತು ಕೊಟ್ಟರೆ ಅದು ಆಚೆ ದಡ ಸೇರುವ ಹೊತ್ತು ಹೇಳಬೇಕು.

ಹೀಗೆ ಮಾಡಿದರೂ ಡೈಕ್‌ಸ್ಟ್ರಾ ವಿಧಾನ ಸರಿಯಾಗೇ ನಡೆಯುತ್ತದೆ. ಒಂದು ಷರತ್ತು ಇದೆ: ತಡವಾಗಿ ಹೊರಟವರು ಮುಂಚೆ ಹೊರಟವರಿಗಿಂತ ಬೇಗ ಆಚೆ ಸೇರಬಾರದು. ಲಾಂಚ್ ಈ ಷರತ್ತನ್ನು ಪಾಲಿಸುತ್ತದೆ. ದಡಕ್ಕೆ ತಡವಾಗಿ ಬಂದವರಿಗೆ ಹೋಗಿಬಿಟ್ಟ ಲಾಂಚ್ ಸಿಗಲ್ಲ. ಬೇಗ ಬಂದವರು ಹೆಚ್ಚೆಂದರೆ ಕಾದು ಅದೇ ಲಾಂಚ್ ಹತ್ತುತ್ತಾರೆ. ಆದ್ದರಿಂದ ದಡಕ್ಕೆ ಬೇಗ ಬರುವುದರಿಂದ ಯಾವತ್ತೂ ನಷ್ಟ ಇಲ್ಲ, ಪೆನ್ ಅಂಕಿ ಹಾಗೇ ಉಳಿಯುತ್ತದೆ. ರಾತ್ರಿ ಲಾಂಚ್ ಇಲ್ಲ ಅಂದರೆ ಆ ಫಂಕ್ಷನ್ ಮಾರನೇ ಬೆಳಗಿನ ಹೊತ್ತನ್ನು ಕೊಡಬೇಕು. ನೀರು ಇಳಿದು ವಾಹನ ಹತ್ತಿಸದ ಬೇಸಿಗೆಯಲ್ಲಿ ಕಾರಿನ ಗ್ರಾಫ್‌ನಿಂದ ಗೆರೆಯನ್ನೇ ತೆಗೆಯಬೇಕು, ನಡೆದು ಹೋಗುವವರ ಗ್ರಾಫ್‌ನಲ್ಲಿ ಉಳಿಸಬೇಕು.

2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಅದೇ ಗೆರೆಗೆ ಒಂದು ಸ್ಥಿರವಾದ ಸಣ್ಣ ಅಂಕಿ ಬಂತು. ನಿಮ್ಮ ಮಕ್ಕಳಿಗೆ ಎರಡೂ ಗ್ರಾಫ್ ಬರೆಸಿ. ಲಾಂಚ್ ಇದ್ದಾಗ ಸಾಗರದಿಂದ ನಿಮ್ಮೂರಿಗೆ, ಸೇತುವೆ ಆದ ಮೇಲೆ ಸಾಗರದಿಂದ ನಿಮ್ಮೂರಿಗೆ. ಒಂದು ಗೆರೆ ಬದಲಾದರೆ ಸುತ್ತಲಿನ ಎಷ್ಟು ಚೀಟಿಗಳ ಅಂಕಿ ಬದಲಾಗುತ್ತದೆ ಅಂತ ಅವರೇ ಎಣಿಸಲಿ. ಆ ದಾರಿಯಲ್ಲಿ ಓಡಾಡಿದ ಮಕ್ಕಳಿಗಿಂತ ಚೆನ್ನಾಗಿ ಇದು ಯಾರಿಗೂ ಅರ್ಥ ಆಗಲ್ಲ.

ಪ್ರಶ್ನೆ: ಕಂಪ್ಯೂಟರ್ ಅಷ್ಟು ವೇಗ ಇರುವಾಗ ಎಲ್ಲ ದಾರಿಗಳನ್ನೂ ಕೂಡಿ ನೋಡಿ ಚಿಕ್ಕದನ್ನು ಆರಿಸಬಹುದಲ್ಲ? ಈ ಚೀಟಿ ಕೆಲಸ ಯಾಕೆ?
— ಓದುಗರು, ಕೊಪ್ಪ

ಉತ್ತರ: ಎಂಟು ಊರಿಗೆ ಮಾಡಬಹುದು. ದೊಡ್ಡ ಗ್ರಾಫ್‌ಗೆ ಆಗಲ್ಲ. ಚೌಕುಳಿ ಕಾಗದದಲ್ಲಿ ಉದ್ದ 20, ಅಗಲ 20 ಮನೆ ಗುರುತು ಮಾಡಿ. ಗೆರೆಗಳೇ ರಸ್ತೆ. ಒಂದು ಮೂಲೆಯಿಂದ ಎದುರು ಮೂಲೆಗೆ ಬಲಕ್ಕೆ ಮತ್ತು ಕೆಳಕ್ಕೆ ಮಾತ್ರ ಹೋಗಬೇಕು. ಹಾಗೆ ಹೋಗುವ ದಾರಿಗಳೇ 13,784 ಕೋಟಿಗೂ ಜಾಸ್ತಿ. ಹಿಂದೆ ಮುಂದೆ ತಿರುಗಿ ಹೋಗುವ ದಾರಿಗಳನ್ನು ಇನ್ನೂ ಎಣಿಸಿಯೇ ಇಲ್ಲ. ಆದರೆ ಆ ಕಾಗದದಲ್ಲಿ ಗೆರೆಗಳು ಕೂಡುವ ಜಾಗಗಳು ಬರೀ 441. ಡೈಕ್‌ಸ್ಟ್ರಾ ವಿಧಾನದಲ್ಲಿ 441 ಚೀಟಿಗೆ ಒಂದೊಂದು ಸಲ ಪೆನ್ ಹಾಕಿದರೆ ಕೆಲಸ ಮುಗಿಯಿತು.

ಪ್ರಶ್ನೆ: ನಾನು ಗೂಡ್ಸ್ ಟೆಂಪೊ ಇಟ್ಟುಕೊಂಡಿದ್ದೇನೆ. ಮಗ ಖರ್ಚು ಕಡಿಮೆ ಬರುವ ದಾರಿ ಹುಡುಕುವ ಪ್ರೋಗ್ರಾಂ ಮಾಡಿಕೊಟ್ಟ. ಡೀಸೆಲ್ ಖರ್ಚನ್ನು ತೂಕವಾಗಿ ಹಾಕಿದ್ದಾನೆ. ಲೋಡ್ ಸಿಗುವ ಕಡೆ ಬಾಡಿಗೆ ಬರುತ್ತದಲ್ಲ, ಅಲ್ಲಿ ಮೈನಸ್ ಹಾಕಿದ್ದಾನೆ. ಉತ್ತರ ತಪ್ಪು ಬರುತ್ತಿದೆ.
— ಓದುಗರು, ಭದ್ರಾವತಿ

ಉತ್ತರ: ಮೈನಸ್ ಬಂದ ಕೂಡಲೇ ಡೈಕ್‌ಸ್ಟ್ರಾ ವಿಧಾನ ಕೈಬಿಡಬೇಕು. ಮೇಲೆ ಹೇಳಿದೆನಲ್ಲ, ಮುಂದೆ ಹೋದಂತೆ ಮೊತ್ತ ಇಳಿಯಲ್ಲ ಅನ್ನುವುದೇ ಅದರ ಆಧಾರ. ಒಂದು ಲೆಕ್ಕ ನೋಡಿ. ಭದ್ರಾವತಿಯಿಂದ ಖಾಲಿ ಟೆಂಪೊ ನೇರ ಶಿವಮೊಗ್ಗಕ್ಕೆ ಹೋದರೆ ಖರ್ಚು 300 ರೂಪಾಯಿ ಅಂತ ಇಟ್ಟುಕೊಳ್ಳಿ. ತರೀಕೆರೆಗೆ ಖಾಲಿ ಹೋದರೆ 500. ತರೀಕೆರೆಯಿಂದ ಶಿವಮೊಗ್ಗಕ್ಕೆ ಲೋಡ್ ಸಿಕ್ಕಿ, ಖರ್ಚು ಕಳೆದು 400 ಉಳಿದರೆ ತೂಕ ಮೈನಸ್ 400. ತರೀಕೆರೆ ಮೇಲೆ ಹೋದರೆ ಒಟ್ಟು ಖರ್ಚು 100 ಮಾತ್ರ. ಆದರೆ ಪ್ರೋಗ್ರಾಂ 300 ಮತ್ತು 500ರಲ್ಲಿ ಕಡಿಮೆ ಯಾವುದು ಅಂತ ನೋಡಿ ಶಿವಮೊಗ್ಗದ 300ಕ್ಕೆ ಪೆನ್ ಹಾಕಿಬಿಡುತ್ತದೆ. ಆಮೇಲೆ 100 ಕಂಡರೂ ತಿದ್ದಲ್ಲ.

ಇದಕ್ಕೆ ಬೆಲ್‌ಮನ್–ಫೋರ್ಡ್ ವಿಧಾನ ಬೇಕು. ಫೋರ್ಡ್ 1956ರಲ್ಲಿ, ಬೆಲ್‌ಮನ್ 1958ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿ ಪೆನ್ ಇಲ್ಲ, ಬರೀ ಪೆನ್ಸಿಲ್. ಎಲ್ಲ ಗೆರೆಗಳನ್ನೂ ಒಂದು ಸುತ್ತು ನೋಡಿ ಕಡಿಮೆ ಆಗುವ ಚೀಟಿಗಳನ್ನೆಲ್ಲ ತಿದ್ದಬೇಕು. ಊರುಗಳ ಸಂಖ್ಯೆಗಿಂತ ಒಂದು ಕಡಿಮೆ ಸುತ್ತು ಸಾಕು. ಮೂರು ಊರಿಗೆ ಎರಡು ಸುತ್ತು. ಮೂರನೇ ಸುತ್ತಿನಲ್ಲೂ ಅಂಕಿ ಇಳಿದರೆ ಗ್ರಾಫ್‌ನಲ್ಲಿ ಒಂದು ಮೈನಸ್ ವೃತ್ತ ಇದೆ ಅಂತ ಅರ್ಥ. ಆ ಬಾಡಿಗೆ 400ರ ಬದಲು 900 ಉಳಿದು, ಶಿವಮೊಗ್ಗದಿಂದ ಭದ್ರಾವತಿಗೆ ವಾಪಸ್ 300 ಖರ್ಚಾದರೆ ಒಂದು ಸುತ್ತಿಗೆ 100 ಲಾಭ. ಪ್ರೋಗ್ರಾಂ ಪ್ರಕಾರ ಸುತ್ತುತ್ತಾ ಇದ್ದರೆ ಲಾಭಕ್ಕೆ ಕೊನೆಯೇ ಇಲ್ಲ, ಹಾಗಾಗಿ ಕನಿಷ್ಠ ಖರ್ಚು ಅನ್ನುವುದಕ್ಕೆ ಉತ್ತರವೂ ಇಲ್ಲ.

ನಿಮಗೆ ಗೊತ್ತು, ತರೀಕೆರೆಯಲ್ಲಿ ಇವತ್ತಿನ ಲೋಡ್ ಒಂದೇ ಸಲ ಸಿಗುತ್ತದೆ. ಗ್ರಾಫ್‌ಗೆ ಅದು ಗೊತ್ತಿಲ್ಲ. ಆದ್ದರಿಂದ ಮಗನಿಗೆ ಹೇಳಿ, ಇದು ಹತ್ತಿರದ ದಾರಿಯ ಪ್ರಶ್ನೆಯೇ ಅಲ್ಲ. ಯಾವ ಲೋಡ್ ಒಪ್ಪಿಕೊಳ್ಳಬೇಕು, ಯಾವ ಕ್ರಮದಲ್ಲಿ ಅನ್ನುವ ಪ್ರಶ್ನೆ. ಅದು ಇದಕ್ಕಿಂತ ಕಷ್ಟದ್ದು. ದಿನಕ್ಕೆ ನಾಲ್ಕೈದು ಲೋಡ್ ಇದ್ದರೆ ಎಲ್ಲ ಕ್ರಮಗಳನ್ನೂ ಕೂಡಿಯೇ ನೋಡಬಹುದು. ಒಂದು ಲೋಡ್‌ನಿಂದ ಇನ್ನೊಂದಕ್ಕೆ ಹೋಗುವ ಡೀಸೆಲ್ ಲೆಕ್ಕಕ್ಕೆ ಮಾತ್ರ ಡೈಕ್‌ಸ್ಟ್ರಾ ಬಳಸಲಿ, ಅಲ್ಲಿ ಮೈನಸ್ ಇರಲ್ಲ.

ಪ್ರಶ್ನೆ: ಡೈಕ್‌ಸ್ಟ್ರಾ ಯಾರು?
— ಪಿಯುಸಿ ವಿದ್ಯಾರ್ಥಿ, ಹೊಸನಗರ

ಉತ್ತರ: ಎಡ್ಸ್‌ಗರ್ ಡೈಕ್‌ಸ್ಟ್ರಾ ನೆದರ್‌ಲ್ಯಾಂಡ್ಸ್ ದೇಶದವರು. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಆರ್ಮಾಕ್ ಎಂಬ ಹೊಸ ಕಂಪ್ಯೂಟರ್ ಸಿದ್ಧವಾಗಿತ್ತು. ಗಣಿತ ಗೊತ್ತಿಲ್ಲದ ಜನರಿಗೂ ಅರ್ಥವಾಗುವಂತೆ ಅದರ ಶಕ್ತಿಯನ್ನು ತೋರಿಸಬೇಕಿತ್ತು. ಅದಕ್ಕೆ ದಾರಿ ಹುಡುಕುವ ಲೆಕ್ಕ ಆರಿಸಿಕೊಂಡರು, ದೇಶದ 64 ಊರುಗಳ ಸರಳ ನಕ್ಷೆಯ ಮೇಲೆ. ಮದುವೆ ಆಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು ಕಾಫಿ ಕುಡಿಯಲು ಕೂತಾಗ ಸುಮಾರು 20 ನಿಮಿಷದಲ್ಲಿ ಈ ವಿಧಾನ ಹೊಳೆಯಿತು ಅಂತ ಅವರೇ ಆಮೇಲೆ ಹೇಳಿದ್ದಾರೆ. ಕೈಯಲ್ಲಿ ಪೆನ್ಸಿಲ್ಲೂ ಇರಲಿಲ್ಲ, ಕಾಗದವೂ ಇರಲಿಲ್ಲ. ಅದರಿಂದಲೇ ಅದು ಅಷ್ಟು ಸರಳವಾಗಿ ಬಂತು ಅನ್ನುವುದು ಅವರ ಅಭಿಪ್ರಾಯ. 1959ರಲ್ಲಿ ಮೂರು ಪುಟದ ಲೇಖನವಾಗಿ ಪ್ರಕಟವಾಯಿತು. ಅದರಲ್ಲಿ ಹೀಪ್ ಇಲ್ಲ, ಹೀಪ್ ಬಂದಿದ್ದೇ 1964ರಲ್ಲಿ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1972ರಲ್ಲಿ ಅವರಿಗೆ ಸಿಕ್ಕಿತು.

ಪ್ರಶ್ನೆ: ಫೋನ್‌ನಲ್ಲಿ ಬೆಂಗಳೂರಿನಿಂದ ಮನೆಗೆ ದಾರಿ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಅಷ್ಟು ಊರಿಗೂ ಪೆನ್ ಹಾಕಿ ಮುಗಿಸುತ್ತದೆಯೇ? ಮತ್ತೆ, ನಮ್ಮ ತೋಟದ ರಸ್ತೆ ಮಾತ್ರ ಯಾಕೆ ತೋರಿಸಲ್ಲ?
— ಅಡಿಕೆ ಬೆಳೆಗಾರರು, ಶೃಂಗೇರಿ ರಸ್ತೆ

ಉತ್ತರ: ಇಲ್ಲ, ಎಲ್ಲದಕ್ಕೂ ಪೆನ್ ಹಾಕಲ್ಲ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು ಎ-ಸ್ಟಾರ್ ಎಂಬ ವಿಧಾನ ಕೊಟ್ಟರು. ಚೀಟಿಯ ಅಂಕಿಗೆ, ಅಲ್ಲಿಂದ ಗುರಿಗೆ ನೇರ ಗೆರೆಯಲ್ಲಿ ಹೋದರೆ ಕಡಿಮೆ ಅಂದರೂ ಎಷ್ಟು ನಿಮಿಷ ಬೇಕು ಅನ್ನುವುದನ್ನೂ ಸೇರಿಸಿ ಕಡಿಮೆ ಇರುವುದನ್ನು ಎತ್ತಿಕೊಳ್ಳುವುದು ಅದರ ಕ್ರಮ. ಹಾಗಾಗಿ ಶೃಂಗೇರಿಗೆ ಹೊರಟ ಹುಡುಕಾಟ ಕೋಲಾರದ ಕಡೆ ಸುಮ್ನೆ ಅಲೆಯಲ್ಲ. 2008ರಲ್ಲಿ ಜರ್ಮನಿಯ ಕಾರ್ಲ್‌ಸ್ರೂಯದಿಂದ ಇನ್ನೊಂದು ವಿಧಾನ ಬಂತು. ಅದು ಮೊದಲೇ ಕೂತು ನಕ್ಷೆಗೆ ಅಡ್ಡದಾರಿಯ ಗೆರೆಗಳನ್ನು ಸೇರಿಸಿಟ್ಟುಕೊಳ್ಳುತ್ತದೆ. ಕೇಳಿದಾಗ ಆ ಉದ್ದ ಗೆರೆಗಳ ಮೇಲೆ ಹಾರಿ ಹೋಗುತ್ತದೆ. ಸಂಶೋಧನೆ ಈಗಲೂ ನಿಂತಿಲ್ಲ. 2025ರಲ್ಲಿ ಚೀನಾದ ಚಿಂಗ್ಹುವಾ ವಿಶ್ವವಿದ್ಯಾಲಯದ ದುವಾನ್ ರಾನ್ ಮತ್ತು ಜೊತೆಗಾರರು, ರಸ್ತೆ ನಕ್ಷೆಯಂತೆ ಗೆರೆ ಕಡಿಮೆ ಇರುವ ಗ್ರಾಫ್‌ಗಳಲ್ಲಿ ಡೈಕ್‌ಸ್ಟ್ರಾ ವಿಧಾನಕ್ಕಿಂತ ಕಡಿಮೆ ಹೆಜ್ಜೆ ಸಾಕು ಅಂತ ಗಣಿತದಲ್ಲಿ ಸಾಧಿಸಿ ತೋರಿಸಿದರು. ಊರುಗಳನ್ನೆಲ್ಲ ಅಂಕಿಯ ಕ್ರಮದಲ್ಲಿ ಜೋಡಿಸುವ ಖರ್ಚನ್ನು ಅವರು ತಗ್ಗಿಸಿದ್ದಾರೆ.

ತೋಟದ ರಸ್ತೆಯದು ಬೇರೆ ಕಥೆ. ಗ್ರಾಫ್‌ನಲ್ಲಿ ಗೆರೆ ಇಲ್ಲದಿದ್ದರೆ ಯಾವ ವಿಧಾನವೂ ಅದನ್ನು ಹುಡುಕಿ ಕೊಡಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಗೆ ಯಾರು ಬೇಕಾದರೂ ರಸ್ತೆ ಸೇರಿಸಬಹುದು. ಒಂದು ಖಾತೆ ತೆರೆದು, ಉಪಗ್ರಹ ಚಿತ್ರದ ಮೇಲೆ ರಸ್ತೆಯ ಗೆರೆ ಎಳೆಯಬೇಕು ಅಷ್ಟೇ. ಮರದ ನೆರಳಲ್ಲಿ ರಸ್ತೆ ಕಾಣದಿದ್ದರೆ ಫೋನ್‌ನ ಜಿಪಿಎಸ್ ಹಾಕಿಕೊಂಡು ಒಮ್ಮೆ ನಡೆದು ಬನ್ನಿ, ಆ ಜಾಡಿನ ಮೇಲೆ ಎಳೆಯಿರಿ. ಗೆರೆಯ ತುದಿ ಮುಖ್ಯ ರಸ್ತೆಗೆ ಸರಿಯಾಗಿ ಅಂಟಿರಬೇಕು. ಕೂದಲೆಳೆ ಬಿಟ್ಟರೂ ಪ್ರೋಗ್ರಾಂಗೆ ಅದು ಕೂಡಿಲ್ಲದ ರಸ್ತೆ. ಮಣ್ಣು ರಸ್ತೆಯೋ ಟಾರು ರಸ್ತೆಯೋ ನಮೂದಿಸಿ, ವೇಗದ ಅಂದಾಜಿಗೆ ಅದೂ ಬೇಕಾಗುತ್ತದೆ. ನಡುವೆ ಮಳೆಗಾಲದಲ್ಲಿ ಮುಳುಗುವ ಮೋರಿ ಇದ್ದರೆ ಅದನ್ನೂ ಗುರುತು ಮಾಡಿ.